ನಮ್ಮ ಬೀದಿಯ ಜಲಜನಕದ ಕಾರು

ನಮ್ಮ ಬೀದಿಯಲ್ಲಿ ಜಲಜನಕದಿಂದ ಓಡುವ ಕಾರು ಇದ್ದದ್ದು ನನ್ನೊಬ್ಬನ ಹತ್ತಿರ. ಅದು ಪೆಟ್ರೋಲಿನಿಂದ ಓಡುತ್ತಿತ್ತು ಎಂಬುದು ನನಗೆ, ನನ್ನ ಹೆಂಡತಿಗೆ ಮತ್ತು ಬೀದಿಯ ಮೂಲೆಯಲ್ಲಿ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಈಗ ಆ ಮೂಲೆಯಲ್ಲಿ ಇಲ್ಲ. ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ನಾನು ಗಡಿಯಾರ ನೋಡಿಕೊಂಡು, ಆಫೀಸಿಗೆ ಹೊತ್ತಾಯಿತು ಎನ್ನುತ್ತೇನೆ. ಇವತ್ತು ಭಾನುವಾರ. ಆ ನೆಪ ನಡೆಯುವುದಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಇಂಧನ ಉಳಿತಾಯದ ಇಲಾಖೆಯಲ್ಲಿ ಆವಕ ಜಾವಕ ಗುಮಾಸ್ತ. ಬರುವ ಕಾಗದಗಳನ್ನು ಒಂದು ಪುಸ್ತಕದಲ್ಲಿ, ಹೋಗುವ ಕಾಗದಗಳನ್ನು ಇನ್ನೊಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ತಾರೀಖು, ಯಾರಿಂದ, ಯಾರಿಗೆ, ವಿಷಯ. ವಿಷಯದ ಸಾಲು ಮುಗಿದ ಕೂಡಲೇ ನನ್ನ ಓದೂ ಮುಗಿಯುತ್ತದೆ, ಕೆಳಗಿನದನ್ನು ಓದುವುದು ಮೇಲಿನವರ ಕೆಲಸ. ಹದಿನೆಂಟು ವರ್ಷ ಹೀಗೆ ಓದಿ ಓದಿ, ಕಡಿಮೆ ಕರೆಂಟಿನ ಫ್ಯಾನಿನಿಂದ ಹಿಡಿದು ಶಾಖ ತಡೆಯುವ ಸುಣ್ಣದವರೆಗೆ ನನಗೆ ಎಲ್ಲ ವಿಷಯವೂ ಗೊತ್ತಿದೆ, ಯಾವ ವಿಷಯದ ವಿವರವೂ ಗೊತ್ತಿಲ್ಲ. ಅಂದ ಹಾಗೆ, ನಮ್ಮ ಕಚೇರಿಯಲ್ಲಿ ಹಗಲು ಹೊತ್ತೂ ಹದಿನಾರು ಟ್ಯೂಬ್‌ಲೈಟು ಉರಿಯುತ್ತವೆ. ಸ್ವಿಚ್ಚು ಬೀರುವಿನ ಹಿಂದೆ ಸೇರಿಕೊಂಡಿದೆ.

ಕಾರಿಗೆ ಇಪ್ಪತ್ತಾರು ವರ್ಷ. ಅದನ್ನು ನಾನು ಎರಡನೆಯ ಮಾಲೀಕನಾಗಿ ಕೊಂಡೆ. ಅದು ಇಷ್ಟು ದಿನ ಓಡಿದ್ದಕ್ಕೆ ಕಾರಣ ನಾನಲ್ಲ, ಮೇಸ್ತ್ರಿ. ಆತ ರೋಗ ಕಂಡುಹಿಡಿಯುವ ರೀತಿಯೇ ಬೇರೆ. ಮೊಳದುದ್ದದ ಒಂದು ಸ್ಕ್ರೂ ಡ್ರೈವರ್ ಇತ್ತು ಆತನ ಹತ್ತಿರ, ಮರದ ಹಿಡಿಯದು. ಓಡುತ್ತಿರುವ ಎಂಜಿನ್ನಿಗೆ ಅದರ ತುದಿ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ, "ಮೂರನೇದು ಆಗಾಗ ಮಿಸ್ ಹೊಡೀತಿದೆ ಸಾರ್" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ದೋಷ ಮೂರನೆಯ ಸಿಲಿಂಡರಿನದೇ ಆಗಿರುತ್ತಿತ್ತು.

ಇದಕ್ಕೆಲ್ಲ ಮೊದಲು ಕಡ್ಡಿ ಗೀರಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಒಂದು ಚಳಿಯ ಬೆಳಿಗ್ಗೆ ಹೊಸ ಬ್ಯಾಟರಿ ಕಾರಿನಲ್ಲಿ ಬಂದಿಳಿದ. ಸದ್ದೇ ಇಲ್ಲ. ಬಂದದ್ದು ಗೊತ್ತಾಗಲಿಲ್ಲ ಎಂದು ನಾವು ಹೇಳಲಿ ಎಂದೇ ಬಂದಿದ್ದ. ನಾವು ಹೇಳಿದೆವು. ಎದುರು ಮನೆಯ ಅಧ್ಯಕ್ಷರೂ ಟವಲು ಹೊದ್ದುಕೊಂಡು ಬಂದು ಹೇಳಿದರು. ಇವರು ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಸಂಘದಲ್ಲಿ ಬೇರೆ ಹುದ್ದೆಗಳೂ ಇವೆ, ಅವುಗಳ ಕೆಲಸವನ್ನೂ ಇವರೇ ಮಾಡುತ್ತಾರೆ.

ಅದೇ ಹೊತ್ತಿಗೆ ನನ್ನ ಕಾರು ಗೇಟಿನ ಮುಂದೆ ಗಡಗಡ ಎನ್ನುತ್ತ ಬಿಸಿಯಾಗುತ್ತಿತ್ತು. ಅದರ ಸೈಲೆನ್ಸರ್‌ನಿಂದ ತೊಟ ತೊಟ ನೀರು ಬೀಳುತ್ತಿತ್ತು.

"ಏನಯ್ಯಾ ಇದು, ನಿನ್ನ ಗಾಡಿ ಅಳ್ತಾ ಇದೆ?" ಎಂದ ಷಡ್ಡಕ. "ಪಾಪ, ವಯಸ್ಸಾಯ್ತಲ್ಲ!"

ಅವನ ಜೊತೆ ಬಂದಿದ್ದ ನನ್ನ ಹೆಂಡತಿಯ ಅಕ್ಕ ನಕ್ಕಳು. ಅಧ್ಯಕ್ಷರು ನಕ್ಕರು. ನನ್ನ ಹೆಂಡತಿ ನಗಲಿಲ್ಲ, ನೆಲ ನೋಡಿದಳು. ಅವಳು ಹಾಗೆ ನೆಲ ನೋಡದೆ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಹಿಂದಿನ ದಿನವಷ್ಟೇ ಆಫೀಸಿನಿಂದ ಒಂದು ಕಾಗದ ಕಳಿಸಿದ್ದೆ. ವಿಷಯ: ಮನೆ ಮತ್ತು ವಾಹನಗಳಲ್ಲಿ ಜಲಜನಕದ ಬಳಕೆ ಹಾಗೂ ಹೊಗೆಗೆ ಬದಲಾಗಿ ನೀರು ಹೊರಬರುವ ಬಗ್ಗೆ.

"ಅಳ್ತಿಲ್ಲ ಭಾವ," ಎಂದೆ. "ಹೊಗೆ ಬದಲು ನೀರು. ಹೈಡ್ರೋಜನ್ನು."

ನಗು ನಿಂತಿತು. ನಿಂತದ್ದು ಎಷ್ಟು ಹಿತವಾಗಿತ್ತು ಎಂದರೆ ಇನ್ನೊಂದು ಸಾಲು ಸೇರಿಸಿದೆ. "ನಮ್ಮ ಆಫೀಸಿಂದ ಟ್ರಯಲ್‌ಗೆ ಅಂತ ಹಾಕಿದಾರೆ. ಆದರೆ ಮೇಲಿಂದ ಆರ್ಡರ್ ಬರೋವರೆಗೂ ಯಾರಿಗೂ ಹೇಳೋ ಹಾಗಿಲ್ಲ."

ಅಧ್ಯಕ್ಷರ ಎದುರು ಯಾರಿಗೂ ಹೇಳಬೇಡಿ ಎನ್ನುವುದೂ ಧ್ವನಿವರ್ಧಕ ಹಿಡಿದು ಬೀದಿ ಸುತ್ತುವುದೂ ಒಂದೇ. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು.

ಮರುದಿನದಿಂದ ಬೆಳಿಗ್ಗೆ ನನ್ನ ಕಾರಿನ ಹಿಂದೆ ಜನ. ಅಧ್ಯಕ್ಷರು ಸ್ಟೀಲಿನ ಲೋಟ ಹಿಡಿದು ಕುಕ್ಕರುಗಾಲಿನಲ್ಲಿ ಕೂತು ಹನಿ ಹಿಡಿಯುತ್ತಿದ್ದರು. ಒಂದು ದಿನ ಲೋಟವನ್ನು ತುಟಿಗೆ ತಂದರು, ನಾನು ಹಾರಿ ಕೈ ಹಿಡಿದೆ. ಅದನ್ನು ತಮ್ಮ ಗುಲಾಬಿ ಗಿಡಕ್ಕೆ ಹಾಕಿದರು. ಎರಡು ವರ್ಷದಿಂದ ಸುಮ್ಮನಿದ್ದ ಗಿಡ ಆ ವಾರ ಮೊಗ್ಗು ಬಿಟ್ಟಿತು. ಗಿಡ ಕೂಡ ನನ್ನ ವಿರುದ್ಧ ಸೇರಿಕೊಂಡಿತು ಎನ್ನಬೇಕು.

ಪೆಟ್ರೋಲು ಹಾಕಿಸುವುದು ದೊಡ್ಡ ಪಾಡಾಯಿತು. ಪಕ್ಕದ ಬಂಕಿಗೆ ಹೋಗುವಂತಿಲ್ಲ. ಊಟದ ಬಿಡುವಿನಲ್ಲಿ ಊರಾಚೆಯ ಬಂಕಿಗೆ ಹೋಗಿ, ಸೀಟಿನಲ್ಲಿ ತಗ್ಗಿ ಕೂತು ಹಾಕಿಸಿಕೊಂಡು ಬರುತ್ತಿದ್ದೆ. ಹೋಗಿ ಬರುವುದರಲ್ಲೇ ಹಾಕಿಸಿದ್ದರಲ್ಲಿ ಅರ್ಧ ಖರ್ಚಾಗುತ್ತಿತ್ತು. ಇಂಧನ ಉಳಿತಾಯದ ಇಲಾಖೆಯವನು ನಾನು! ಒಬ್ಬರು ಮೂಗೆಳೆದು, "ಪೆಟ್ರೋಲ್ ವಾಸನೆ ಬರುತ್ತಲ್ರೀ?" ಎಂದು ಕೇಳಿದರು. "ಹೊತ್ತಿಸೋಕೆ ಒಂದು ಚಮಚ ಬೇಕಾಗುತ್ತೆ" ಎಂದೆ. ಅವರು ಅದನ್ನು ಬರೆದುಕೊಂಡರು.

ಭಾನುವಾರ ಅಧ್ಯಕ್ಷರ ಕಾರ್ ಷೆಡ್ಡಿನಲ್ಲಿ ಸಂಘದ ಸಭೆ. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಟೈರುಗಳ ಮೇಲೆ ಕೂತಿದ್ದರು. ಪ್ರಶ್ನೆಗಳು ಸುರಿದವು. ಅಡುಗೆ ಒಲೆಗೂ ಹೈಡ್ರೋಜನ್ ಬರುತ್ತಾ? ಗೀಸರ್‌ಗೆ? ಈಗಿನ ಫ್ರಿಜ್ ಮಾರಿಬಿಡೋದಾ, ಇಟ್ಕೊಳ್ಳೋದಾ? ನಾನು ನನಗೆ ಬರುವ ಒಂದೇ ರೀತಿಯಲ್ಲಿ ಉತ್ತರಿಸಿದೆ. "ಗೃಹಬಳಕೆಯ ಒಲೆಗಳ ದಕ್ಷತೆಯನ್ನು ಹೆಚ್ಚಿಸುವ ಬಗ್ಗೆ," ಎಂದೆ. "ಹಳೆಯ ಶೈತ್ಯಯಂತ್ರಗಳನ್ನು ಹಂತಹಂತವಾಗಿ ಕೈಬಿಡುವ ಕುರಿತು," ಎಂದೆ. ವಾಕ್ಯ ಮುಗಿಯಲಿಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲರೂ ತಲೆದೂಗಿದರು. ಭಾನುವಾರದ ಊಟಕ್ಕೆಂದು ಬಂದಿದ್ದ ಷಡ್ಡಕ ಮಾತ್ರ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದ.

"ಒಂದು ಮಾತು," ಎಂದ ಅವನು. "ಗಾಡಿ ವಿಷಯ ಗಾಡಿಯವರನ್ನ ಕೇಳೋದು ಒಳ್ಳೇದಲ್ವಾ? ಮೇಸ್ತ್ರಿ ಇಲ್ಲೇ ಇದಾರಲ್ಲ."

ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಕೈಯಲ್ಲಿ ಎಣ್ಣೆ ಬಟ್ಟೆ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವನು, ಬಟ್ಟೆಯನ್ನು ಎರಡು ಸಲ ಮಡಿಸಿದ.

"ಚಳೀಲಿ ಬೆಳಗಿನ ಹೊತ್ತು ಯಾವ ಗಾಡಿ ಸ್ಟಾರ್ಟ್ ಮಾಡಿದ್ರೂ ಸೈಲೆನ್ಸರ್‌ನಿಂದ ನೀರು ಬರುತ್ತೆ ಸಾರ್. ಅಧ್ಯಕ್ಷರ ಗಾಡೀಲೂ ಬರುತ್ತೆ. ಬೇಗ ಎದ್ದು ನೋಡಿದ್ರೆ ಕಾಣುತ್ತೆ."

ಅಷ್ಟೇ ಹೇಳಿದ. ಇನ್ನೊಂದನ್ನು ಹೇಳಬಹುದಿತ್ತು. ಆ ಸೋಮವಾರವಷ್ಟೇ ತಾನು ನನ್ನ ಕಾರಿನ ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ, ಬಿಚ್ಚಿ ತೊಳೆದದ್ದನ್ನು ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ನನಗೆ ಬಿಟ್ಟ.

ಷೆಡ್ಡಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಷಡ್ಡಕನ ಮೀಸೆಯ ಕೆಳಗೆ ನಗು ಹುಟ್ಟುತ್ತಿತ್ತು. ಹೌದು, ತಮಾಷೆಗೆ ಹೇಳಿದ್ದೆ ಎಂದಿದ್ದರೆ ಒಂದು ವಾರ ನಗುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಇದು ನನಗೆ ಈಗ ಗೊತ್ತು. ಆಗ ನಾನು ಹೇಳಿದ್ದು ಬೇರೆ.

"ಮೇಸ್ತ್ರಿ ಹಳೇ ಕಾಲದವರು. ಸ್ಕ್ರೂ ಡ್ರೈವರ್ ಕಿವಿಗೆ ಇಟ್ಕೊಂಡು ಭವಿಷ್ಯ ಕೇಳೋರು. ಇದು ಅವರಿಗೆ ತಿಳಿಯೋ ವಿಷಯ ಅಲ್ಲ."

ಷೆಡ್ಡು ಹಾರಿಹೋಗುವಂತೆ ನಕ್ಕರು. ನನ್ನ ಮಾತಿಗೆ ಯಾರಾದರೂ ಅಷ್ಟು ನಕ್ಕದ್ದು ಅದೇ ಮೊದಲು. ಮೇಸ್ತ್ರಿ ನನ್ನನ್ನು ಒಂದು ಸಲ ನೋಡಿದ. ಸಿಟ್ಟಿನಿಂದಲ್ಲ, ಎಂಜಿನ್ನಿನಲ್ಲಿ ಕೇಳಿಸಬಾರದ ಸದ್ದೊಂದು ಕೇಳಿಸಿದಾಗ ನೋಡುತ್ತಿದ್ದ ಹಾಗೆ. "ಇರಬಹುದು ಸಾರ್" ಎಂದು ಹೊರಗೆ ಹೋದ.

ಮನೆಗೆ ಬಂದಾಗ ಹೆಂಡತಿ ತಟ್ಟೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು. "ಅಕ್ಕ, ಭಾವನ ಮುಂದೆ ನಿಮ್ಮ ಮರ್ಯಾದೆ ಉಳೀತು," ಎಂದಳು. "ಆದರೆ ಆ ಮನುಷ್ಯ ಸೋಮವಾರ ತಾನೇ ಜ್ವರ ಇಟ್ಕೊಂಡು ನಮ್ಮ ಗಾಡಿ ಕೆಳಗೆ ಮಲಗಿದ್ರು ಕಣ್ರೀ."

ಜ್ವರದ ವಿಷಯ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಗ್ಯಾರೇಜಿಗೆ ಗಾಡಿಗಳು ಬರುವುದು ಕಡಿಮೆಯಾಯಿತು. ಆರು ತಿಂಗಳಲ್ಲಿ ಹೈಡ್ರೋಜನ್ ಬರುವಾಗ ಹಳೆಯದಕ್ಕೆ ಯಾಕೆ ಸುರಿಯಬೇಕು ಎಂದು ಜನ ರಿಪೇರಿ ಮುಂದೂಡಿದರು. ಬೀದಿ ತುಂಬ ಕೆಮ್ಮುವ ಗಾಡಿಗಳು. ಒಬ್ಬರಂತೂ ತಮ್ಮ ಸ್ಕೂಟರಿಗೆ ಬ್ರೇಕನ್ನೂ ಹಾಕಿಸಲಿಲ್ಲ. ಮನೆ ಹತ್ತಿರ ಬಂದಾಗ ಕಾಲು ಊರಿಕೊಂಡು, "ಸರೀರೀ! ಸರೀರೀ!" ಎಂದು ಕೂಗುತ್ತ ಬರುತ್ತಿದ್ದರು. ಹೈಡ್ರೋಜನ್ ಬಂದರೆ ಬ್ರೇಕೂ ಅದರಲ್ಲೇ ಇರುತ್ತದೆ ಎಂದು ಅವರ ನಂಬಿಕೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸರಿಹೋಗುತ್ತಿತ್ತು. ಒಂದು ದಿನ ಆಫೀಸಿನಲ್ಲಿ ಟಪಾಲು ಬಿಡಿಸುತ್ತಿದ್ದೆ. ಪರಿಚಿತ ಅಕ್ಷರ. ನಮ್ಮ ಸಂಘದ ಮೊಹರು. ವಿಷಯ: ನಮ್ಮ ಬೀದಿಯ ಮೂಲೆಯ ನಿವೇಶನದಲ್ಲಿ ಜಲಜನಕ ತುಂಬುವ ಕೇಂದ್ರವನ್ನು ಸ್ಥಾಪಿಸುವ ಬಗ್ಗೆ. ಉಲ್ಲೇಖ: ತಮ್ಮ ಕಚೇರಿಯ ವತಿಯಿಂದ ಪರೀಕ್ಷೆಯಲ್ಲಿರುವ ಕಾರು.

ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ವಿಷಯದ ಕೆಳಗೆ ಓದಿದೆ. ಮೂಲೆಯ ನಿವೇಶನ ಅಧ್ಯಕ್ಷರದ್ದೇ. ಸಮಾಜದ ಒಳಿತಿಗಾಗಿ ಅದನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ. ಸದ್ಯ ಅಲ್ಲಿ ತಗಡಿನ ಗ್ಯಾರೇಜೊಂದಿದ್ದು, ತಿಂಗಳ ಕೊನೆಯೊಳಗೆ ಖಾಲಿ ಮಾಡಲು ತಿಳಿಸಲಾಗಿದೆ.

ಕಾಗದವನ್ನು ಡ್ರಾಯರಿನ ತಳಕ್ಕೆ ತುರುಕಿದೆ. ಆದರೆ ಅಧ್ಯಕ್ಷರು ಒಂದನ್ನೇ ಕಳಿಸುವ ಪೈಕಿಯವರಲ್ಲ. ಐದು ಪ್ರತಿ ಮಾಡಿ, ನಾಲ್ಕನ್ನು ಬೇರೆ ಬೇರೆ ಮೇಜುಗಳಿಗೆ ಖುದ್ದು ತಲುಪಿಸಿದ್ದರು. ಸಂಜೆಯೊಳಗೆ ಸಾಹೇಬರಿಂದ ಕರೆ ಬಂತು.

ಸಾಹೇಬರು ಬಂದು ಎರಡು ತಿಂಗಳಾಗಿತ್ತು. ಬೈಯುತ್ತಾರೆ, ಬೈದರೆ ಎಲ್ಲ ಬಯಲಾಗಿ ಹಗುರಾಗುತ್ತೇನೆ ಎಂದುಕೊಂಡು ಒಳಗೆ ಹೋದೆ. ಅವರು ಬಾಗಿಲು ಹಾಕಿಸಿ, ದನಿ ತಗ್ಗಿಸಿದರು.

"ಈ ಟ್ರಯಲ್ ವಿಷಯ ನನಗೆ ಮೊದಲೇ ಗೊತ್ತಿತ್ತು ಅಂತಾನೇ ಇಟ್ಕೊಳ್ಳೋಣ. ಏನಂತೀರಿ?"

"ಸಾರ್, ಅದು ನಿಜವಾಗಿ..."

"ಹಿಂದಿನ ಸಾಹೇಬರು ಸೈನ್ ಮಾಡಿರಬೇಕು. ಫೈಲು ಎಲ್ಲಿದೆ ಅಂತ ಮೇಲಿನೋರನ್ನ ಕೇಳಿದ್ರೆ ನನಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗುತ್ತೆ. ಬೇಡ. ಬುಧವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ."

ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲಾಗದವನು ನಾನೊಬ್ಬನೇ ಎಂದುಕೊಂಡಿದ್ದೆ. ದೊಡ್ಡ ಕುರ್ಚಿಗಳಲ್ಲೂ ಇದ್ದೇವೆ.

ಬುಧವಾರ ಹನ್ನೊಂದು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು. ಬೀದಿಯ ಜನವೆಲ್ಲ ಇಸ್ತ್ರಿ ಬಟ್ಟೆಯಲ್ಲಿ ನಿಂತಿದ್ದರು. ಷಡ್ಡಕ ರಜೆ ಹಾಕಿ ಬಂದಿದ್ದ, ನಾನು ಬೀಳುವುದನ್ನು ತಪ್ಪಿಸಿಕೊಳ್ಳಬಾರದೆಂದು. ಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದು, ಟೈರನ್ನು ಬೆರಳಿನಿಂದ ಒತ್ತಿ, "ಹೂಂ" ಎಂದರು. ಅಧ್ಯಕ್ಷರು ಗುಲಾಬಿ ಗಿಡವನ್ನು ಕುಂಡದ ಸಮೇತ ತೋರಿಸಿದರು. ಸಾಹೇಬರು ಅದಕ್ಕೂ "ಹೂಂ" ಎಂದರು.

ನಾನು ಕೀ ತಿರುಗಿಸಿದೆ. ಕಾರು ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ. ಮತ್ತೊಮ್ಮೆ. ಒಳಗೊಳಗೇ ಸಮಾಧಾನವಾಯಿತು. ಇನ್ನೇನು, ಇಳಿದು ಹೇಳಿಬಿಡುತ್ತೇನೆ, ಎಲ್ಲ ಮುಗಿಯುತ್ತದೆ ಎಂದು ಬಾಗಿಲಿಗೆ ಕೈ ಹಾಕಿದೆ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮೇಸ್ತ್ರಿ ಬಂದ. ಒಂದು ಕೈಯಲ್ಲಿ ಉದ್ದನೆಯ ಸ್ಕ್ರೂ ಡ್ರೈವರ್, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಬಾನೆಟ್ಟನ್ನು ಗೇಣಿನಷ್ಟು ಮಾತ್ರ ಎತ್ತಿದ, ಒಳಗಿರುವುದು ಬೇರೆಯವರಿಗೆ ಕಾಣದ ಹಾಗೆ. "ಇನ್ನೊಂದು ಸಲ ತಿರುಗಿಸಿ ಸಾರ್" ಎಂದ. ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. ಆಮೇಲೆ ಅದೇ ಹಿಡಿಯಿಂದ ಎಲ್ಲೋ ಟಕ್ ಟಕ್ ಎಂದು ಎರಡು ಸಲ ತಟ್ಟಿದ. ಕಾರು ಸ್ಟಾರ್ಟ್ ಆಯಿತು.

ನೀರು? ಆ ಬಿಸಿಲಿನಲ್ಲಿ ಎಲ್ಲಿಯ ನೀರು! ಮೇಸ್ತ್ರಿ ಹಿಂದೆ ಹೋಗಿ, ಸೈಲೆನ್ಸರ್ ಒರೆಸುವವನ ಹಾಗೆ ಬಗ್ಗಿದ. ಕನ್ನಡಿಯಲ್ಲಿ ನನಗೆ ಕಂಡಿತು. ಒದ್ದೆ ಬಟ್ಟೆಯನ್ನು ಕೊಳವೆಯೊಳಗೆ ಹಿಂಡಿ ಎದ್ದ. ತೊಟ ತೊಟ ಹನಿ ಬಿತ್ತು. ಬೀದಿ ಚಪ್ಪಾಳೆ ಹೊಡೆಯಿತು. ಸಾಹೇಬರು ಅಧ್ಯಕ್ಷರ ಕೈ ಕುಲುಕಿ, "ಕೇಂದ್ರಕ್ಕೆ ಶಿಫಾರಸು ಮಾಡ್ತೀನಿ" ಎಂದರು. ಷಡ್ಡಕನೂ ಚಪ್ಪಾಳೆ ಹೊಡೆದ. ನಾನು ಬಾಗಿಲಿನಿಂದ ಕೈ ತೆಗೆದು ಸ್ಟೀರಿಂಗಿನ ಮೇಲೆ ಇಟ್ಟೆ.

ತಿಂಗಳ ಕೊನೆಯ ದಿನ ಗ್ಯಾರೇಜಿನ ತಗಡುಗಳನ್ನು ಇಳಿಸುತ್ತಿದ್ದರು. ಹೋಗದಿರಲು ಮೂರು ಕಾರಣ ಹುಡುಕಿ, ಮೂರನ್ನೂ ಬಿಟ್ಟು ಹೋದೆ. ಮೇಸ್ತ್ರಿ ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ಹಾಕುತ್ತಿದ್ದ. ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಕ್ಕಿದೆಯಂತೆ.

"ಅವತ್ತು ಯಾಕೆ ಹಾಗೆ ಮಾಡಿದ್ರಿ?" ಎಂದು ಕೇಳಿದೆ. "ನಾನು ನಿಮಗೆ ಅಷ್ಟು ಅವಮಾನ ಮಾಡಿದ ಮೇಲೂ ನನ್ನ ಮರ್ಯಾದೆ ಉಳಿಸಿದ್ರಲ್ಲ."

ಮೇಸ್ತ್ರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿಮ್ಮದಲ್ಲ ಸಾರ್. ಗಾಡೀದು. ಹದಿನೆಂಟು ವರ್ಷ ನನ್ನ ಕೈಯಲ್ಲಿ ಇದ್ದಿದ್ದು. ಅಷ್ಟು ಜನರ ಮುಂದೆ ಸ್ಟಾರ್ಟ್ ಆಗದೆ ನಿಂತ್ರೆ ನೋಡೋಕಾಗಲ್ಲ."

ಆತ ಉದ್ದನೆಯ ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕದೆ ನನ್ನ ಕೈಗೆ ಕೊಟ್ಟ. "ಅಲ್ಲಿ ಕಂಪ್ಯೂಟರ್ ಹಾಕಿ ನೋಡ್ತಾರಂತೆ, ಇದನ್ನ ಒಳಗೆ ಬಿಡಲ್ಲ. ನೀವು ಇಟ್ಕೊಳ್ಳಿ. ಮೂರನೇದು ಮಿಸ್ ಹೊಡಿಯುತ್ತೆ, ಆಗಾಗ ಕೇಳ್ತಾ ಇರಿ."

ತಪ್ಪಾಯಿತು ಎನ್ನಬೇಕಿತ್ತು. "ಆಗಲಿ" ಎಂದೆ.

ನಿಜ ಹೊರಬಂದದ್ದು ಎರಡು ವಾರದ ಮೇಲೆ, ಅದೂ ನನ್ನ ಬಾಯಿಂದ ಅಲ್ಲ. ಆಗಷ್ಟೇ ಬೆಳಕು ಹರಿಯುವ ಹೊತ್ತು, ಅಧ್ಯಕ್ಷರು ಲೋಟ ಹಿಡಿದು ನನ್ನ ಗೇಟು ಬಡಿದರು. "ನನ್ನ ಗಾಡೀಲೂ ಬರ್ತಿದೆ ಕಣ್ರೀ! ಏನೂ ಹಾಕಿಸಿಲ್ಲ, ತಾನಾಗೇ ಬರ್ತಿದೆ! ಪಕ್ಕ ಪಕ್ಕ ನಿಲ್ಲಿಸಿದ್ದಕ್ಕೆ ಅಂಟ್ಕೊಂಡಿತಾ ಹೇಗೆ?"

ಲೋಟದಲ್ಲಿ ಎರಡು ಬೆರಳು ನೀರಿತ್ತು. ಇನ್ನೂ ಒಂದು ಸುಳ್ಳು ಹೇಳುವ ತ್ರಾಣ ನನಗಿರಲಿಲ್ಲ.

"ಎಲ್ಲ ಗಾಡೀಲೂ ಬರುತ್ತೆ ಅಧ್ಯಕ್ಷರೇ," ಎಂದೆ. "ಮೇಸ್ತ್ರಿ ಹೇಳಿದ್ರಲ್ಲ. ನನ್ನದು ಬರೀ ಪೆಟ್ರೋಲು."

ಅವರು ಒಪ್ಪಲಿಲ್ಲ. ಮೇಲಿಂದ ಒತ್ತಡ ಬಂತಾ ಎಂದು ಕೇಳಿದರು. ನಾನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ ಎಂದೆ. ಮೂಸಿದರು. ಬಾನೆಟ್ಟು ಪೂರ್ತಿ ಎತ್ತಿ ತೋರಿಸಿದೆ. ನೋಡಿದರು. ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ನಿಧಾನವಾಗಿ ತಿರುಗಿ ಬೀದಿಯ ಮೂಲೆ ನೋಡಿದರು. ಅಲ್ಲಿ ನಾಲ್ಕು ಕಂಬ, ಎಣ್ಣೆ ಹಿಡಿದ ಕಪ್ಪು ನೆಲ, ಜಲಜನಕ ಕೇಂದ್ರಕ್ಕೆ ಕಾದಿರಿಸಿದೆ ಎಂಬ ಬೋರ್ಡು.

"ಮತ್ತೆ ಆ ಮನುಷ್ಯನ್ನ ನಾನು..." ಎಂದು ಅಧ್ಯಕ್ಷರು ಅರ್ಧಕ್ಕೆ ನಿಲ್ಲಿಸಿದರು. ಲೋಟದ ನೀರನ್ನು ಗುಲಾಬಿ ಗಿಡಕ್ಕೂ ಹಾಕದೆ ರಸ್ತೆಗೆ ಚೆಲ್ಲಿ ಒಳಗೆ ಹೋದರು.

ನಮ್ಮ ಬೀದಿ ನನ್ನ ಮೇಲೆ ಕಲ್ಲೆಸೆಯಲಿಲ್ಲ. ಮೋಸ ಹೋದೆವು ಎಂದು ಒಪ್ಪಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಎಲ್ಲರಿಗೂ ಸುಲಭವಾಗಿತ್ತು. ಷಡ್ಡಕ ಮಾತ್ರ ಊಟದ ನಡುವೆ ಯಾವತ್ತಾದರೂ ನೀರು ಬೇಕೆಂದಾಗ ನನ್ನ ಕಡೆ ನೋಡುತ್ತಾನೆ. ಕಚೇರಿಯಿಂದ ಸಂಘಕ್ಕೆ ಉತ್ತರವೂ ಹೋಯಿತು. ವಿಷಯ: ಜಲಜನಕ ಕೇಂದ್ರದ ಪ್ರಸ್ತಾವನೆಯು ಪರಿಶೀಲನೆಯಲ್ಲಿರುವ ಬಗ್ಗೆ. ಜಾವಕದ ಪುಸ್ತಕದಲ್ಲಿ ನಾನೇ ಬರೆದೆ.

ಹೋದ ಶನಿವಾರ ಕಾರನ್ನು ತೆಗೆದುಕೊಂಡು ಆ ಸರ್ವಿಸ್ ಸೆಂಟರಿಗೆ ಹೋದೆ. ಗಾಜಿನ ಗೋಡೆಯ ಆಚೆ ಮೇಸ್ತ್ರಿ ಕಂಡ. ನೀಲಿ ಸಮವಸ್ತ್ರ, ಕೈಗೆ ಗವಸು. ಯಾವುದೋ ಕಾರಿಗೆ ವೈರು ಸಿಕ್ಕಿಸಿ, ಪರದೆಯ ಮೇಲೆ ಅಕ್ಷರ ಮೂಡುವುದನ್ನು ಕಾಯುತ್ತಿದ್ದ. ಕಾಯುವಾಗ ತಲೆ ಸ್ವಲ್ಪ ಒಂದು ಕಡೆ ವಾಲಿತ್ತು. ಗಿರಾಕಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಟೋಕನ್ ಕೊಟ್ಟು, "ಏನು ಕಂಪ್ಲೇಂಟ್ ಸಾರ್?" ಎಂದಳು.

ಹದಿನೆಂಟು ವರ್ಷ ಬೇರೆಯವರ ಕಾಗದಗಳ ವಿಷಯ ಬರೆದವನಿಗೆ ತನ್ನದನ್ನು ಒಂದು ಸಾಲಿನಲ್ಲಿ ಹೇಳಲು ಬರಲಿಲ್ಲ. ಅವಳು ಕಿಟಕಿಯಿಂದ ನನ್ನ ಕಾರನ್ನು ನೋಡಿ, "ಇಷ್ಟು ಹಳೇದನ್ನ ನಾವು ತಗೊಳ್ಳಲ್ಲ ಸಾರ್" ಎಂದು ಟೋಕನ್ ವಾಪಸು ಇಸಿದುಕೊಂಡಳು. ಮೇಸ್ತ್ರಿ ಈ ಕಡೆ ತಿರುಗಲಿಲ್ಲ. ತಿರುಗಲಿ ಎಂದು ಬಯಸಿದೆನೋ ಬೇಡವೆಂದು ಬಯಸಿದೆನೋ ನನಗೇ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದೆ. ಸದ್ದು ಏನೋ ಬದಲಾಗಿದೆ ಎನ್ನಿಸಿತು. ಬಾನೆಟ್ಟು ಎತ್ತಿ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಮೇಸ್ತ್ರಿಯ ಹಾಗೆ ಕಣ್ಣು ಮುಚ್ಚಿದೆ. ಆತನಿಗೆ ಮೊದಲನೆಯದು, ಎರಡನೆಯದು, ಮೂರನೆಯದು ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು, "ಏನು ಕೇಳಿಸ್ತು?" ಎಂದಳು.

"ಬರೀ ಸದ್ದು" ಎಂದೆ. ಹಿಂದೆ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು, ನೋಡಲು ಯಾರೂ ಬಂದಿರಲಿಲ್ಲ.